ಬಿಸಿಲಿಗೆ ಜಗ್ಗದ ಗಿನಿಕೋಳಿ, ಹಸಿಗೆ ಸಾಯುವ ಮರಿ

ಬೆಳೆದ ಗಿನಿಕೋಳಿ ಕೊಪ್ಪಳ ಸೀಮೆಯ ಬಿಸಿಲಿಗೆ ಹೆದರುವ ಪೈಕಿ ಅಲ್ಲ. ಆಫ್ರಿಕಾದ ಒಣ ಹುಲ್ಲುಗಾವಲು, ಕುರುಚಲು ಕಾಡು ಅದರ ತವರು. ನೆರಳು, ನೀರು ಇದ್ದರೆ ಕಿನ್ನಾಳದ ಏಪ್ರಿಲ್ ಬಿಸಿಲನ್ನೂ ತಡೆದುಕೊಳ್ಳುತ್ತದೆ. ಸಾಯುವುದೇನಿದ್ದರೂ ಮರಿಗಳು, ಅದೂ ಹೆಚ್ಚಾಗಿ ಮೊದಲ ತಿಂಗಳಲ್ಲಿ, ತೇವ ಮತ್ತು ಚಳಿಗೆ ಸಿಕ್ಕಿ. ಹಾಗಾಗಿ ಇದನ್ನು ಸಾಕುವವರು ಮೊದಲು ಕ್ಯಾಲೆಂಡರ್ ನೋಡಬೇಕು. ಔಷಧಿಯ ಮಾತು ಆಮೇಲೆ.

ಗಿನಿಕೋಳಿ ವರ್ಷವಿಡೀ ಮೊಟ್ಟೆ ಇಡುವುದಿಲ್ಲ. ಚಳಿಗಾಲ ಕಳೆದು ಹಗಲು ಉದ್ದವಾಗತೊಡಗಿದಾಗ ಮೊಟ್ಟೆಗೆ ಬರುತ್ತದೆ. ನಮ್ಮ ಕಡೆ ಮಾರ್ಚ್ ಆಸುಪಾಸಿಗೆ ಶುರುವಾಗಿ ಮಳೆಗಾಲದ ಕೊನೆಯವರೆಗೆ ಇದರ ಹಂಗಾಮು. ಹ್ಯಾಟಿ ಮೊದಲ ಮೊಟ್ಟೆ ಇಡಲು ಏಳೆಂಟು ತಿಂಗಳು ಬೇಕು. ಚೆನ್ನಾಗಿ ಸಾಕಿದರೆ ಹಂಗಾಮಿಗೆ ನೂರರ ಹತ್ತಿರ ಮೊಟ್ಟೆ ಸಿಗುತ್ತವೆ. ತೂಕ ಸುಮಾರು 40 ಗ್ರಾಂ, ಚಿಪ್ಪು ಬಲು ಗಟ್ಟಿ. ಜವಾರಿ ಕೋಳಿಯ ಮೊಟ್ಟೆ 21 ದಿನಕ್ಕೆ ಒಡೆದರೆ ಇದಕ್ಕೆ 26ರಿಂದ 28 ದಿನ ಕಾವು ಬೇಕು. ಏಪ್ರಿಲ್ ಮೊದಲಲ್ಲಿ ಕಾವಿಗಿಟ್ಟರೆ ಮೇ ಮೊದಲಲ್ಲಿ ಮರಿ. ಜೂನ್ ಮಳೆ ಹಿಡಿಯುವಷ್ಟರಲ್ಲಿ ಅವುಗಳ ಮೈತುಂಬ ಪುಕ್ಕ ಬಂದಿರುತ್ತದೆ. ಜುಲೈನಲ್ಲಿ ಒಡೆದ ಮರಿಗಳನ್ನು ಉಳಿಸಿಕೊಳ್ಳುವುದು ಇದರ ದುಪ್ಪಟ್ಟು ಕೆಲಸ.

ಮೊಟ್ಟೆಯನ್ನು ಗಿನಿಕೋಳಿಯ ಕೆಳಗೇ ಬಿಡಬೇಡಿ. ಪೊದೆಯಲ್ಲಿ ಗುಟ್ಟಾಗಿ ಗೂಡು ಮಾಡಿ ನಿಷ್ಠೆಯಿಂದಲೇ ಕಾವು ಕೂರುತ್ತದೆ. ಆದರೆ ಮರಿ ಒಡೆದ ಮೇಲೆ ಬೆಳಗಿನ ಇಬ್ಬನಿ ಹುಲ್ಲಿನಲ್ಲೇ ಅವನ್ನು ಎಳೆದುಕೊಂಡು ಹೊರಡುತ್ತದೆ. ತೊಯ್ದ ಮರಿ ಹಿಂದೆ ಬೀಳುತ್ತದೆ, ಅಲ್ಲೇ ಸೆಟೆಯುತ್ತದೆ. ಕಾವು ಕೂತ ಜವಾರಿ ಹ್ಯಾಟಿಯ ಕೆಳಗೆ ಹದಿನೈದು ಮೊಟ್ಟೆ ಇಡಿ, ವಾರದೊಳಗಿನವನ್ನೇ ಇಡಿ. ಗೂಡಿನಿಂದ ಮೊಟ್ಟೆ ತೆಗೆಯುವಾಗ ನಾಲ್ಕೈದು ಅಲ್ಲೇ ಬಿಡಬೇಕು. ಪೂರ್ತಿ ಬರಿದು ಮಾಡಿದರೆ ಮಾರನೆಯ ದಿನದಿಂದ ಬೇರೆ ಪೊದೆ ಹುಡುಕುತ್ತದೆ.

ಗಂಡು–ಹೆಣ್ಣು ಗುರುತಿಸಲು ಕಣ್ಣಿಗಿಂತ ಕಿವಿ ವಾಸಿ. ಎರಡು ತಿಂಗಳು ಕಳೆದ ಮೇಲೆ ಕೂಗು ಕೇಳಿ. ಎರಡು ತುಂಡಾಗಿ, ಎರಡನೆಯದನ್ನು ಮೇಲಕ್ಕೆಳೆದು ಕೂಗಿದರೆ ಹೆಣ್ಣು. ಗಂಡು ಒಂದೇ ತುಂಡಿನ ಕೂಗನ್ನು ಮತ್ತೆ ಮತ್ತೆ ಒದರುತ್ತದೆ. ಹೆಣ್ಣೂ ಹಾಗೆ ಕೂಗಬಲ್ಲದು, ಆದ್ದರಿಂದ ಅವಸರ ಬೇಡ. ಬೆಳೆದ ಗಂಡಿಗೆ ನೆತ್ತಿಯ ಕೋಡು, ಗಲ್ಲದ ಜೋಲು ದೊಡ್ಡವು. ಕಾಡಿನಲ್ಲಿ ಜೋಡಿಯಾಗಿ ಬಾಳುವ ಹಕ್ಕಿ ಇದು. ಮನೆಯಲ್ಲಿ ನಾಲ್ಕು ಹ್ಯಾಟಿಗೆ ಒಂದು ಹುಂಜ ಇರಲಿ, ಅದಕ್ಕಿಂತ ಹೆಚ್ಚು ಹ್ಯಾಟಿಗಳಾದರೆ ಬಂಜೆ ಮೊಟ್ಟೆ ಜಾಸ್ತಿಯಾಗುತ್ತವೆ.

ಇನ್ನು ಮರಿಮನೆ. ಹಾಸಲು ಭತ್ತದ ಹೊಟ್ಟು ಬೇಕು, ಗಂಗಾವತಿ ಕಡೆಯ ರೈಸ್ ಮಿಲ್ಲುಗಳಲ್ಲಿ ಅದಕ್ಕೇನು ಬರವಿಲ್ಲ. ಮೊದಲ ಕೆಲವು ದಿನ ಹೊಟ್ಟಿನ ಮೇಲೆ ಗೋಣಿತಟ್ಟು ಹಾಸಿ. ನುಣುಪಾದ ಪೇಪರ್ ಹಾಸಿದರೆ ಮರಿಯ ಕಾಲು ಜಾರಿ ಎರಡು ಕಡೆ ಸೀಳಿಕೊಳ್ಳುತ್ತವೆ, ಆಮೇಲೆ ನೆಟ್ಟಗಾಗುವುದು ಕಷ್ಟ. ನೀರಿನ ತಟ್ಟೆಯಲ್ಲಿ ಹರಳು ತುಂಬಿ. ಬೆರಳುದ್ದ ನೀರಿದ್ದರೂ ಮುಳುಗಿ ಸಾಯುತ್ತವೆ. ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಶಾಖ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತ ಬನ್ನಿ. ಮೇ ತಿಂಗಳ ಹಗಲಿನಲ್ಲಿ ಬಲ್ಬಿನ ಗರಜೇ ಬೀಳದಿರಬಹುದು, ಬೆಳಗಿನ ಜಾವಕ್ಕೆ ಮಾತ್ರ ಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನ ಕೆಳಗೆ ಒಂದರ ಮೇಲೊಂದು ಗುಂಪಾದರೆ ಚಳಿ, ಬಾಯಿ ತೆರೆದು ಮೂಲೆಗೆ ಓಡಿದರೆ ಸೆಕೆ.

ಬರೀ ಅಕ್ಕಿನುಚ್ಚು, ಮೆಕ್ಕೆಜೋಳ ಹಾಕಿ ಮರಿ ಬೆಳೆಸುವುದು ಸುಳ್ಳು. ಮೊದಲ ತಿಂಗಳು ಶೇಕಡಾ 24ರಷ್ಟು ಪ್ರೋಟೀನ್ ಇರುವ ಆಹಾರ ಬೇಕು. ದೊಡ್ಡವಾದ ಮೇಲೆ ಹೊಲದಲ್ಲಿ ಮಿಡತೆ, ಗೆದ್ದಲು, ಉಣ್ಣೆ ಹೆಕ್ಕಿ ಅರ್ಧ ಹೊಟ್ಟೆ ತಾವೇ ತುಂಬಿಸಿಕೊಳ್ಳುತ್ತವೆ. ಜವಾರಿ ಕೋಳಿಯಷ್ಟು ನೆಲ ಕೆದರುವುದಿಲ್ಲ, ಆದ್ದರಿಂದ ಕಾಯಿಪಲ್ಲೆ ಮಡಿಗೂ ಕಾಟ ಕಡಿಮೆ.

ರೋಗಕ್ಕೆ ಗಟ್ಟಿ ಎಂಬ ಮಾತು ಬಹುಮಟ್ಟಿಗೆ ನಿಜ. ಆದರೆ ಕೊಕ್ಕರೆ ರೋಗ ಇದಕ್ಕೂ ತಗಲುತ್ತದೆ. ರಕ್ತಭೇದಿ, ಜಂತುಹುಳು ಹಸಿ ಹಾಸಿಗೆಯಲ್ಲಿ ಹೆಚ್ಚುತ್ತವೆ. ಲಸಿಕೆಯನ್ನು ಪಶುವೈದ್ಯರ ಸಲಹೆಯಂತೆ ಹಾಕಿಸಿ.

ತಳಿ ಕೇಳುವವರಿಗೆ: ಬರೇಲಿ ಬಳಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಕಾದಂಬರಿ, ಚಿತಂಬರಿ, ಶ್ವೇತಾಂಬರಿ ಎಂಬ ಮೂರನ್ನು ಬೆಳೆಸಿದೆ. ಬೂದುಮೈ ಮೇಲೆ ಬಿಳಿ ಚುಕ್ಕೆಯದು ಕಾದಂಬರಿ. ಮಾಂಸಕ್ಕಾದರೆ ಹನ್ನೆರಡು ವಾರಕ್ಕೆ ಕಿಲೋ ಹತ್ತಿರ ತೂಗುತ್ತದೆ. ಬ್ರಾಯ್ಲರ್ ಲೆಕ್ಕ ಹಾಕುವವರಿಗೆ ಇದು ತೀರಾ ನಿಧಾನ.

ಬೆಳೆದ ಹಕ್ಕಿ ತರುವುದಕ್ಕಿಂತ ಮರಿ ತರುವುದು ಮೇಲು. ಬೆಳೆದದ್ದು ಹಾರಿ ಹೋದರೆ ಬೇವಿನ ಮರದಿಂದ ಇಳಿಸುವವರಿಲ್ಲ. ಹೊಸ ಹಕ್ಕಿಯನ್ನು ಕೆಲವು ವಾರ ಕೂಡಿಹಾಕಿ, ಸಂಜೆ ಅದೇ ಹೊತ್ತಿಗೆ ಕಾಳು ಚೆಲ್ಲಿ ರೂಢಿ ಮಾಡಿಸಿ. ಹಾವು, ನಾಯಿ, ಅಪರಿಚಿತರು ಯಾರನ್ನು ಕಂಡರೂ ಗುಂಪೆಲ್ಲ ಒಟ್ಟಿಗೆ ಅರಚುತ್ತದೆ. ಹೊಲದ ಮನೆಗೆ ಅದು ಕಾವಲು. ಗೋಡೆಗೆ ಗೋಡೆ ತಾಗಿದ ಓಣಿಯಲ್ಲಿ ನಿಮ್ಮ ಮನೆಯಿದ್ದರೆ ಮಾತ್ರ ಗಿನಿಕೋಳಿಯ ಗೊಡವೆಗೆ ಹೋಗಬೇಡಿ, ಜವಾರಿ ಕೋಳಿಯೇ ಸಾಕು.