ಸೈಕ್ಲೋನ್ ಹಿಡಿಯುವ ಧೂಳು, ಬಿಟ್ಟುಕೊಡುವ ಧೂಳು

ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯ ಅಕ್ಕಿ ಗಿರಣಿಗಳಲ್ಲಿ ಮೇಲೆ ಕೊಳವೆಯಂತೆ ಅಗಲವಾಗಿ, ಕೆಳಗೆ ಆಲಿಕೆಯಂತೆ ಕಿರಿದಾಗುವ ತಗಡಿನ ಉಪಕರಣವೊಂದು ಇರುತ್ತದೆ. ಅದರ ಹೆಸರು ಸೈಕ್ಲೋನ್. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು. ಅಕ್ಕಿಯಿಂದ ಹೊಟ್ಟನ್ನು ಬೇರ್ಪಡಿಸುವುದು ಗಾಳಿ. ಆ ಗಾಳಿಯಿಂದ ಹೊಟ್ಟನ್ನು ಬೇರ್ಪಡಿಸುವುದು ಸೈಕ್ಲೋನ್. ತೌಡನ್ನು ಹಿಡಿಯಲೂ, ಹೊಟ್ಟು ಉರಿಸುವ ಬಾಯ್ಲರಿನ ಹೊಗೆಯಿಂದ ಬೂದಿ ತೆಗೆಯಲೂ ಇದನ್ನೇ ಬಳಸುತ್ತಾರೆ.

ಧಾನ್ಯದ ಧೂಳಿನ ಅಪಾಯವನ್ನು ಗಿರಣಿಗಳು ಬಹಳ ಹಿಂದೆಯೇ ಕಂಡಿವೆ. 1878ರ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್‌ನ ವಾಷ್‌ಬರ್ನ್ ಹಿಟ್ಟಿನ ಗಿರಣಿಯಲ್ಲಿ ತೇಲುತ್ತಿದ್ದ ಹಿಟ್ಟಿನ ಧೂಳಿಗೆ ಬೆಂಕಿ ಹತ್ತಿ, ಸ್ಫೋಟದಲ್ಲಿ 18 ಜನ ಸತ್ತರು. ಸೈಕ್ಲೋನ್ ಮಾದರಿಯ ಧೂಳು ಸಂಗ್ರಾಹಕಕ್ಕೆ ಅದೇ ದೇಶದ ಜಾನ್ ಫಿಂಚ್ 1885ರಲ್ಲಿ ಪೇಟೆಂಟ್ ಪಡೆದರು. ಇಂದಿಗೂ ಅದರ ಮೂಲ ತತ್ವ ಬದಲಾಗಿಲ್ಲ.

ಸೈಕ್ಲೋನಿನ ಒಡಲೊಳಗೆ ತಿರುಗುವ ಯಂತ್ರವಿಲ್ಲ, ಸೋಸುವ ಬಟ್ಟೆಯೂ ಇಲ್ಲ. ಧೂಳು ತುಂಬಿದ ಗಾಳಿ ಮೇಲ್ಭಾಗದ ಪಕ್ಕದಿಂದ, ಗೋಡೆಯನ್ನು ಸವರಿಕೊಂಡು ಒಳನುಗ್ಗುತ್ತದೆ. ಸುತ್ತುತ್ತ ಕೆಳಗಿಳಿದು, ಕಿರಿದಾದ ತುದಿಯ ಬಳಿ ತಿರುಗಿ, ನಡುವಿನಿಂದ ಮೇಲೇರಿ ಹೊರಹೋಗುತ್ತದೆ. ಗಾಳಿ ತಿರುಗಿದಷ್ಟು ಸುಲಭವಾಗಿ ಭಾರದ ಕಣಗಳು ತಿರುಗಲಾರವು. ಅವು ಗೋಡೆಗೆ ಬಡಿದು, ಜಾರಿ, ಕೆಳಗಿನ ಹಾಪರ್‌ಗೆ ಬೀಳುತ್ತವೆ.

ಗಾಳಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ, ಅರ್ಧ ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ ಕಣವನ್ನು ಹೊರಗೆ ತಳ್ಳುವ ಕೇಂದ್ರಾಪಗಾಮಿ ಬಲ ಅದರ ತೂಕದ ಸುಮಾರು 46 ಪಟ್ಟಾಗುತ್ತದೆ. ಅದೇ ವೇಗದಲ್ಲಿ ತ್ರಿಜ್ಯವನ್ನು 15 ಸೆಂಟಿಮೀಟರ್‌ಗೆ ಇಳಿಸಿದರೆ 150 ಪಟ್ಟು ದಾಟುತ್ತದೆ. ಹೀಗಾಗಿ ಒಂದು ದೊಡ್ಡ ಸೈಕ್ಲೋನಿನ ಬದಲು ಹಲವು ಚಿಕ್ಕವನ್ನು ಒಟ್ಟಿಗೆ ಜೋಡಿಸಿದ 'ಮಲ್ಟಿಕ್ಲೋನ್' ಇನ್ನೂ ಸಣ್ಣ ಕಣಗಳನ್ನು ಹಿಡಿಯುತ್ತದೆ.

ಆದರೆ ಅದಕ್ಕೂ ಮಿತಿಯಿದೆ. ಕಣದ ವ್ಯಾಸ ಕಾಲುಭಾಗಕ್ಕೆ ಇಳಿದರೆ, ಅದು ಗೋಡೆಯತ್ತ ಸರಿಯುವ ವೇಗ ಹದಿನಾರನೇ ಒಂದಕ್ಕೆ ಇಳಿಯುತ್ತದೆ. 10 ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಚೆನ್ನಾಗಿ ಹಿಡಿಯುವ ಸೈಕ್ಲೋನಿನಿಂದ 2.5 ಮೈಕ್ರಾನಿನ ಕಣಗಳು ಬಹುಮಟ್ಟಿಗೆ ತಪ್ಪಿಸಿಕೊಳ್ಳುವುದು ಇದರಿಂದಲೇ. ಶ್ವಾಸಕೋಶದ ಆಳದ ಗಾಳಿಚೀಲಗಳವರೆಗೆ ಇಳಿಯುವುದು ಕೂಡ ಈ ಸಣ್ಣ ಕಣಗಳೇ.

ನೂರು ಕಿಲೋ ಧೂಳಿನಲ್ಲಿ ತೊಂಬತ್ತು ಕಿಲೋ ಹಿಡಿದೆವು ಎಂದುಕೊಳ್ಳೋಣ. ಲೆಕ್ಕ ಚೆನ್ನಾಗಿ ಕಾಣುತ್ತದೆ. ಆದರೆ 10 ಮೈಕ್ರಾನಿನ ಒಂದು ಕಣದ ತೂಕಕ್ಕೆ 2.5 ಮೈಕ್ರಾನಿನ 64 ಕಣಗಳು ಬೇಕು. ಹೊರಹೋದ ಹತ್ತು ಕಿಲೋದಲ್ಲಿ ಅಂಥ ಕಣಗಳೇ ತುಂಬಿರುತ್ತವೆ. ಅಕ್ಕಪಕ್ಕದ ಮನೆಗಳ ಮಾಳಿಗೆಯ ಮೇಲೆ ಬೂದಿ ಬೀಳುವುದು ನಿಂತಿತೆಂದ ಮಾತ್ರಕ್ಕೆ ಉಸಿರಾಡುವ ಗಾಳಿ ಶುದ್ಧವಾಯಿತು ಎನ್ನಲಾಗದು.

ಹಾಗೆಂದು ಸೈಕ್ಲೋನನ್ನು ಕೈಬಿಡಬೇಕಿಲ್ಲ. ಅದರ ನಂತರ, ಗಾಳಿಯನ್ನು ಬಟ್ಟೆಯಲ್ಲಿ ಸೋಸುವ ಬ್ಯಾಗ್ ಫಿಲ್ಟರ್ ಇಡಬೇಕು. ಸೈಕ್ಲೋನ್ ದಪ್ಪ ಧೂಳನ್ನು ತೆಗೆದು, ಬಾಯ್ಲರಿನ ಕಿಡಿಗಳನ್ನೂ ಬಹುಮಟ್ಟಿಗೆ ತಡೆಯುವುದರಿಂದ ಫಿಲ್ಟರಿನ ಬಟ್ಟೆ ಹೆಚ್ಚು ಕಾಲ ಬಾಳುತ್ತದೆ. ಸಣ್ಣ ಕಣಗಳನ್ನು ಬಟ್ಟೆ ಹಿಡಿಯುತ್ತದೆ.

ಇರುವ ಸೈಕ್ಲೋನನ್ನು ಸುಸ್ಥಿತಿಯಲ್ಲಿಡುವುದೂ ಅಷ್ಟೇ ಮುಖ್ಯ. ಗಾಳಿ ಎಳೆಯುವ ಬ್ಲೋವರ್ ಹೊರತುದಿಯಲ್ಲಿದ್ದರೆ ಸೈಕ್ಲೋನಿನ ಒಳಗೆ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ ಇರುತ್ತದೆ. ಗಾಳಿ ನುಗ್ಗದಂತೆ ಧೂಳನ್ನು ಹೊರಬಿಡುವ ಕೆಳಗಿನ ಏರ್‌ಲಾಕ್ ಸವೆದು ಸಂದು ಬಿದ್ದರೆ ಹೊರಗಾಳಿ ಒಳನುಗ್ಗಿ, ಕೆಳಗೆ ಬಿದ್ದ ಧೂಳನ್ನೇ ಮತ್ತೆ ಎತ್ತಿ ಚಿಮಣಿಗೆ ಕಳಿಸುತ್ತದೆ. ಹಾಪರ್ ತುಂಬಿ ತುಳುಕಿದರೂ ಇದೇ ಗತಿ. ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾ ಆದ್ದರಿಂದ ಅದು ಗೋಡೆಯ ತಗಡನ್ನೂ ಉಜ್ಜಿ ತೂತು ಮಾಡುತ್ತದೆ.

2009ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಮಾನದಂಡದ ಪ್ರಕಾರ, ನಾವು ಉಸಿರಾಡುವ ಗಾಳಿಯ ಒಂದು ಘನ ಮೀಟರಿನಲ್ಲಿ 2.5 ಮೈಕ್ರಾನಿನವರೆಗಿನ ಕಣಗಳ 24 ಗಂಟೆಯ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು. ಈ ಮಿತಿಯನ್ನು ಕಾಯಲು ಸೈಕ್ಲೋನ್ ಒಂದೇ ಸಾಲದು. ಅದನ್ನು ಕೂರಿಸಿದ ಗಿರಣಿ ಮೊದಲ ಹೆಜ್ಜೆ ಇಟ್ಟಿದೆ. ಚೀಲ ಹೊರುವ ಹಮಾಲರ, ಸುತ್ತಲಿನ ಮಕ್ಕಳ ಉಸಿರನ್ನು ಕಾಯಬೇಕಾದರೆ ಎರಡನೆಯದನ್ನೂ ಇಡಲೇಬೇಕು.