ಊರೂರು ಅಲೆಯುವ ಮಕ್ಕಳ ಮೊದಲ ಶಾಲೆ

ರಸ್ತೆ ಬದಿ, ಮೇಲ್ಸೇತುವೆಯ ಅಡಿ, ರೈಲು ನಿಲ್ದಾಣ, ಗುಡಿಯ ಮಂಟಪ, ಹೂಳಲು ತಂದಿಟ್ಟ ಹ್ಯೂಮ್ ಪೈಪು – ಇಂಥ ಕಡೆ ರಾತ್ರಿ ಕಳೆಯುವವರನ್ನು ಜನಗಣತಿ ವಸತಿರಹಿತರೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 2011ರ ಗಣತಿಯಲ್ಲಿ ದೇಶದಲ್ಲಿ ಅಂಥವರು ಸುಮಾರು 17.7 ಲಕ್ಷ ಮಂದಿ. ಕುಟುಂಬಗಳ ಲೆಕ್ಕದಲ್ಲಿ ಸುಮಾರು 4.5 ಲಕ್ಷ. ತಲೆಯ ಮೇಲೆ ಒಂದು ತಗಡು, ಸುತ್ತ ನಾಲ್ಕು ಗೋಡೆಯಂಥದ್ದು ಇದ್ದರೂ ಮನೆಯೆನ್ನಲಾಗದ ಬದುಕು ನಡೆಸುವವರು ಈ ಅಂಕಿಯ ಹೊರಗೇ ಉಳಿಯುತ್ತಾರೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದು ಕಟ್ಟಡದ ಪಕ್ಕದ ಶೆಡ್ಡಿನಲ್ಲಿ ಇಳಿದುಕೊಳ್ಳುವ ಕುಟುಂಬಗಳು ಇಂಥವು. ಕಟ್ಟಡ ಮುಗಿದ ದಿನ ಶೆಡ್ಡೂ ಬಿಚ್ಚಿಕೊಳ್ಳುತ್ತದೆ, ಕುಟುಂಬ ಮುಂದಿನ ಸೈಟಿಗೆ ಹೊರಡುತ್ತದೆ. ಮನೆಯಿಲ್ಲದ ಮಕ್ಕಳ ಶಿಕ್ಷಣವೆಂದರೆ ಬೀದಿಯಲ್ಲಿ ಮಲಗುವ ಮಕ್ಕಳ ಜೊತೆಗೆ ಈ ಮಕ್ಕಳ ಪ್ರಶ್ನೆಯೂ ಹೌದು.

ಆರು ವರ್ಷದೊಳಗಿನ ಮಗುವಿಗೆ ಈ ಅಲೆದಾಟ ಬಲು ದುಬಾರಿ. ಮೆದುಳಿನ ಒಟ್ಟು ಬೆಳವಣಿಗೆಯಲ್ಲಿ ಶೇ 85ಕ್ಕಿಂತ ಹೆಚ್ಚಿನದು ಆರು ತುಂಬುವ ಮೊದಲೇ ಆಗುತ್ತದೆ ಎಂಬ ಮಾತನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ಆ ಬೆಳವಣಿಗೆಗೆ ಬೇಕಾದದ್ದು ಅನ್ನ, ನಿದ್ದೆ, ಜೊತೆಗೆ ಕೂಗಿದರೆ ಓಗೊಡುವ ಒಬ್ಬ ದೊಡ್ಡವರು. ಕೂಸು ಉಲಿದಾಗ ತಿರುಗಿ ಮಾತಾಡಿಸುವವರಿದ್ದರೆ ಮಾತು ಬೆಳೆಯುತ್ತದೆ, ನಂಬಿಕೆಯೂ ಬೆಳೆಯುತ್ತದೆ. ತಾಯಿ ಬೆಳಗಿನಿಂದ ಸಂಜೆವರೆಗೆ ಇಟ್ಟಿಗೆ ಹೊರುತ್ತಿದ್ದರೆ ಕೂಸು ಮರಳಿನ ರಾಶಿಯ ಮೇಲೆ ಇರುತ್ತದೆ, ಅಥವಾ ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲೆ. ಆ ಅಕ್ಕನಿಗೂ ಶಾಲೆ ತಪ್ಪುತ್ತದೆ. ಒಂದು ಕೂಸಿಗೆ ಜಾಗವಿಲ್ಲದ್ದರಿಂದ ಇಬ್ಬರು ಮಕ್ಕಳ ಕಲಿಕೆ ಹಾಳಾಗುತ್ತದೆ. ಗದ್ದಲ, ಭಯ, ಮತ್ತೆ ಮತ್ತೆ ಬದಲಾಗುವ ಜಾಗ ದೀರ್ಘಕಾಲ ಮುಂದುವರಿದರೆ ಮಗುವಿನ ದೇಹ ಸದಾ ಎಚ್ಚರದ ಸ್ಥಿತಿಯಲ್ಲೇ ಇರುತ್ತದೆ. ಗಮನವಿಡುವುದು, ಕಾಯುವುದು, ಕೋಪ ತಡೆಯುವುದು ಅಂಥ ಮಗುವಿಗೆ ಕಷ್ಟವಾಗುತ್ತದೆ. ಇದನ್ನು ಮಗುವಿನ ಹಟ ಎಂದು ಕರೆಯುವುದು ಅನ್ಯಾಯ.

ಭಾರತದಲ್ಲಿ ಈ ವಯಸ್ಸಿನ ಮಕ್ಕಳಿಗೆಂದು ಇರುವ ದೊಡ್ಡ ವ್ಯವಸ್ಥೆ ಅಂಗನವಾಡಿ. 1975ರ ಅಕ್ಟೋಬರ್ 2ರಂದು 33 ಕಡೆ ಪ್ರಾಯೋಗಿಕವಾಗಿ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಕರ್ನಾಟಕದ ತಿ. ನರಸೀಪುರವೂ ಇತ್ತು. ಪೌಷ್ಟಿಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಶಾಲಾಪೂರ್ವ ಶಿಕ್ಷಣ ಎಲ್ಲವನ್ನೂ ಒಂದೇ ಸೂರಿನಡಿ ತಂದ ಈ ಯೋಜನೆ ದೊಡ್ಡ ಸಾಧನೆಯೇ ಸರಿ. ಆದರೆ ಅದು ನಿಂತಿರುವುದು ನೆಲೆಯೂರಿದ ಜನವಸತಿಯ ಲೆಕ್ಕದ ಮೇಲೆ: ಇಷ್ಟು ಜನಸಂಖ್ಯೆಗೆ ಒಂದು ಕೇಂದ್ರ, ಕಾರ್ಯಕರ್ತೆಯ ಸಮೀಕ್ಷೆಯ ಪುಸ್ತಕದಲ್ಲಿರುವ ಮನೆಗಳಿಗೆ ಸೇವೆ. ಶೆಡ್ಡಿನ ಕುಟುಂಬ ಆ ಪುಸ್ತಕಕ್ಕೆ ಸೇರುವಷ್ಟರಲ್ಲಿ ಜಾಗ ಬಿಟ್ಟಿರುತ್ತದೆ. ಇನ್ನೊಂದು ತೊಡಕು ವಯಸ್ಸಿನದು, ಹೊತ್ತಿನದು. ಅಂಗನವಾಡಿಯಲ್ಲಿ ಕೂತು ಕಲಿಯುವುದು ಮೂರರಿಂದ ಆರು ವರ್ಷದವರು. ಮೂರರ ಕೆಳಗಿನ ಕೂಸಿಗೆ ಸಿಗುವುದು ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಗಾರೆ ಕೆಲಸದ ತಾಯಿಗೆ ಅದಕ್ಕಿಂತ ಮೊದಲು ಬೇಕಾಗಿರುವುದು, ಇಡೀ ದಿನ ಕೂಸನ್ನು ನಂಬಿ ಬಿಡಬಹುದಾದ ಜಾಗ.

ಈ ಕೊರತೆಗೆ ದಾರಿ ತೋರಿಸಿದ್ದು ಮೊಬೈಲ್ ಕ್ರೆಷಸ್ ಎಂಬ ಸಂಸ್ಥೆ. 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಗಾಂಧಿ ಜನ್ಮಶತಾಬ್ದಿಯ ವಸ್ತುಪ್ರದರ್ಶನಕ್ಕಾಗಿ ಕಟ್ಟಡಗಳು ಏಳುತ್ತಿದ್ದವು. ಕೂಲಿಕಾರರ ಕೂಸುಗಳು ಧೂಳಿನಲ್ಲಿ ಬಿದ್ದಿರುವುದನ್ನು ಕಂಡ ಮೀರಾ ಮಹಾದೇವನ್ ಅಲ್ಲೇ ಒಂದು ಡೇರೆ ಹಾಕಿಸಿ ಶಿಶುಪಾಲನೆ ಆರಂಭಿಸಿದರು. ಮುಂದೆ ಮುಂಬಯಿ, ಪುಣೆಗೂ ಕೆಲಸ ಹಬ್ಬಿತು. ಅವರ ಯೋಚನೆ ಸರಳ: ಮಗು ಕೇಂದ್ರಕ್ಕೆ ಬರಲಾಗದಿದ್ದರೆ ಕೇಂದ್ರವೇ ಮಗುವಿದ್ದಲ್ಲಿಗೆ ಹೋಗಬೇಕು, ಕೆಲಸ ಮುಗಿದು ಜನ ಹೊರಟಾಗ ಅದೂ ಹೊರಡಬೇಕು.

ಅಲ್ಲಿ ಕೂಸುಗಳಿಗೆ ಶಿಶುಪಾಲನೆ, ಮೂರು ದಾಟಿದವರಿಗೆ ಬಾಲವಾಡಿ, ಶಾಲೆ ವಯಸ್ಸಿನವರಿಗೆ ಶಾಲೆಗೆ ಸೇರಲು ತಯಾರಿ ಎಂದು ಮೂರು ಹಂತ. ಅಕ್ಕ, ತಮ್ಮ, ತೊಟ್ಟಿಲ ಕೂಸು ಮೂವರಿಗೂ ಒಂದೇ ಕಡೆ ಜಾಗ ಸಿಗುವುದರಿಂದ ಅಕ್ಕನ ಸೊಂಟ ಬಿಡುವಾಗುತ್ತದೆ. ಸೈಟಿನ ಹೊತ್ತೇ ಕೇಂದ್ರದ ಹೊತ್ತು. ಎದೆಹಾಲು ಕುಡಿಸಲು ತಾಯಿ ನಡುವೆ ಬಂದು ಹೋಗಬಹುದು. ತಿಂಗಳಿಗೊಮ್ಮೆ ತೂಕ ನೋಡುವುದು, ಸೊರಗಿದ ಮಗುವಿಗೆ ಹೆಚ್ಚಿನ ಊಟ ಕೊಡುವುದು ಪಾಠದಷ್ಟೇ ಮುಖ್ಯ ಕೆಲಸ. ಹಸಿದ ಮಗುವಿಗೆ ಹಾಡು ಕಲಿಸಲಾಗುವುದಿಲ್ಲ.

ಇಂಥ ಕೇಂದ್ರದಲ್ಲಿ ಕಲಿಸುವ ಬಗೆಯೂ ಬೇರೆಯಾಗಬೇಕಾಗುತ್ತದೆ. ಇಂದು ಬಂದ ಮಗು ಮುಂದಿನ ತಿಂಗಳು ಇರುತ್ತದೆಂಬ ಖಾತ್ರಿಯಿಲ್ಲ. ವರ್ಷಪೂರ್ತಿ ಎಳೆಯುವ ಪಠ್ಯಕ್ರಮಕ್ಕಿಂತ, ಕೆಲವೇ ವಾರಗಳಲ್ಲಿ ಪೂರ್ತಿಯಾಗುವ ಸಣ್ಣ ಸಣ್ಣ ಘಟಕಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಭಾಷೆಯೂ ಹಲವು: ಒಂದೇ ಚಾಪೆಯ ಮೇಲೆ ರಾಯಚೂರಿನ ಕನ್ನಡ, ತೆಲುಗು, ಒಡಿಯಾ, ಬಂಗಾಳಿ. ಹೆಸರು ಹಿಡಿದು ಕರೆಯುವುದು, ಹಾಡು, ಕುಣಿತ, ಕಲ್ಲು-ಬೀಜ-ಮುಚ್ಚಳಗಳ ಆಟ ಎಲ್ಲ ಭಾಷೆಯ ಮಕ್ಕಳಿಗೂ ಒಗ್ಗುತ್ತವೆ. ದಿನಚರಿ ಮಾತ್ರ ಬದಲಾಗಬಾರದು. ಕೈ-ಮುಖ ತೊಳೆಯುವುದು, ತಲೆ ಬಾಚುವುದು, ಊಟ, ನಿದ್ದೆ, ಕತೆ ದಿನವೂ ಅದೇ ಕ್ರಮದಲ್ಲಿ ನಡೆಯಬೇಕು. ಬದುಕಿನಲ್ಲಿ ಬೇರೇನೂ ನಿಲ್ಲದ ಮಗುವಿಗೆ ಮುಂದೇನು ಎಂದು ಮೊದಲೇ ಗೊತ್ತಿರುವುದೇ ದೊಡ್ಡ ಆಸರೆ.

ಮಗುವಿನ ಜೊತೆ ಕುಟುಂಬಕ್ಕೂ ಒತ್ತಾಸೆ ಬೇಕು. ಅಪ್ಪ-ಅಮ್ಮಂದಿರಿಗೆ ಉಪದೇಶದ ಕೊರತೆಯಿಲ್ಲ. ಅವರಿಗೆ ಇಲ್ಲದಿರುವುದು ಪುರುಸೊತ್ತು ಮತ್ತು ಕಾಗದಪತ್ರ. ಆದ್ದರಿಂದ ಪಾಲಕರ ಸಭೆ ಕೂಲಿ ಮುಗಿದ ಮೇಲೆ, ಶೆಡ್ಡುಗಳ ನಡುವೆಯೇ ನಡೆಯಬೇಕು. ಜನನ ಪ್ರಮಾಣಪತ್ರ, ತಾಯಿ ಕಾರ್ಡು, ಲಸಿಕೆಯ ದಾಖಲೆ, ಕಾರ್ಮಿಕ ಕಲ್ಯಾಣ ಮಂಡಳಿಯ ನೋಂದಣಿ, ಪಡಿತರ – ಇವನ್ನು ಮಾಡಿಸಿಕೊಡುವುದು ಶಿಕ್ಷಣದ ಹೊರಗಿನ ಕೆಲಸವೆಂದು ಕಂಡರೂ ಮಗುವಿನ ಮುಂದಿನ ದಾರಿ ಇವುಗಳಿಂದಲೇ ತೆರೆಯುತ್ತದೆ. ಆರು ವರ್ಷವಾದ ಮಗುವಿಗೆ ವಯಸ್ಸಿನ ಪುರಾವೆ ಇಲ್ಲವೆಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆ ಮಾತು ಗೊತ್ತಿರುವ ಒಬ್ಬರು ಜೊತೆಗೆ ಬಂದರೆ ತಂದೆ ಶಾಲೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾಗಿಲ್ಲ.

ಕಾನೂನಿನ ಬೆಂಬಲ ಹಿಂದಿನಿಂದಲೂ ಇದೆ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ 50ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದಿತು. ಆದರೆ ಕೆಲಸ ಹಲವು ಮೇಸ್ತ್ರಿಗಳ ಕೈಯಲ್ಲಿ ಹಂಚಿಹೋದಾಗ, ಗಂಡ-ಹೆಂಡಿರ ಜೋಡಿ ಕೂಲಿ ಗಂಡನ ಹೆಸರಿನಲ್ಲೇ ಬರೆದಾಗ, ಪಟ್ಟಿಯಲ್ಲಿ ಹೆಂಗಸರು ಐವತ್ತು ತುಂಬುತ್ತಲೇ ಇರಲಿಲ್ಲ. ಸಾಮಾಜಿಕ ಭದ್ರತೆಯ 2020ರ ಸಂಹಿತೆ ಗಂಡು-ಹೆಣ್ಣೆನ್ನದೆ 50 ನೌಕರರೆಂದು ಎಣಿಸಿರುವುದು ಸರಿಯಾದ ತಿದ್ದುಪಡಿ. ಆರರೊಳಗಿನ 40 ಮಕ್ಕಳಿರುವ ಜನವಸತಿ ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದು 2006ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಆರು ತಿಂಗಳಲ್ಲಿ ಜಾಗ ಬದಲಿಸುವವರಿಗೆ ಮೂರು ತಿಂಗಳೂ ಉದ್ದವೇ.

ಅಮೆರಿಕ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಲು ಯತ್ನಿಸಿದೆ. 1987ರ ಮೆಕಿನ್ನಿ ಕಾಯ್ದೆಯಿಂದ ಬೆಳೆದುಬಂದ ಅಲ್ಲಿನ ಶಿಕ್ಷಣ ಕಾನೂನು, ಮನೆ ಕಳೆದುಕೊಂಡು ನೆಂಟರಿಷ್ಟರ ಮನೆಯಲ್ಲಿ ಇಕ್ಕಟ್ಟಿನಲ್ಲಿರುವವರನ್ನೂ ಮನೆಯಿಲ್ಲದವರೆಂದೇ ಪರಿಗಣಿಸುತ್ತದೆ. 1965ರಲ್ಲಿ ಶುರುವಾದ ಹೆಡ್ ಸ್ಟಾರ್ಟ್ ಎಂಬ ಶಾಲಾಪೂರ್ವ ಯೋಜನೆಯಲ್ಲಿ ಇಂಥ ಮಕ್ಕಳು 2007ರಿಂದ ಆದಾಯದ ಪರೀಕ್ಷೆಯಿಲ್ಲದೆ ಅರ್ಹರು. ಲಸಿಕೆಯ ಪತ್ರ ತರಲು ತಡವಾದರೆ ಮಗುವನ್ನು ಮೊದಲು ಸೇರಿಸಿಕೊಂಡು, ಕಾಗದಕ್ಕೆ ಕಾಲಾವಕಾಶ ಕೊಡುತ್ತಾರೆ. ಇಲ್ಲಿಯ ಅಂಗನವಾಡಿಗಳು ನಾಳೆಯೇ ಅಳವಡಿಸಿಕೊಳ್ಳಬಹುದಾದ ಕ್ರಮವಿದು.

ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಕೂಸುಗಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ 2023ರಲ್ಲಿ ಘೋಷಣೆಯಾಯಿತು. ಊರಿನಲ್ಲಿ ಸಿಕ್ಕ ಈ ಆಸರೆ ಗುಳೆ ಹೊರಟ ಕೂಡಲೇ ತಪ್ಪಿಹೋಗುತ್ತದೆ. ನಗರದ ತುದಿಯಲ್ಲಿ ಅದನ್ನು ಕೊಡಲು ಹಣದ ಮೂಲವೂ ಇದೆ: ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಶೇ 1ರ ಸೆಸ್ ಈ ಕಾರ್ಮಿಕರ ಕಲ್ಯಾಣಕ್ಕೆಂದೇ ಇರುವುದು. ಆ ಹಣ ಮೊದಲು ಹೋಗಬೇಕಾದದ್ದು ಮೂರರ ಕೆಳಗಿನ ಕೂಸುಗಳ ಪಾಲನೆಗೆ ಮತ್ತು ಅವರನ್ನು ದಿನವಿಡೀ ನೋಡಿಕೊಳ್ಳುವ ಹೆಂಗಸರ ತರಬೇತಿಗೆ, ಸಂಬಳಕ್ಕೆ.