ಇರುಳ ಪಯಣಿಗರಿಗೂ ಒಂದು ದಫ್ತರ ಬೇಕು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬುಡುಬುಡಿಕೆಯವರು ಬೆಳಗಿನ ಜಾವ ಮನೆಮನೆಯ ಮುಂದೆ ನಿಂತು, ಇರುಳಲ್ಲಿ ಹಾಲಕ್ಕಿ ಏನು ನುಡಿಯಿತೆಂದು ಹೇಳಿಹೋಗುವ ಪದ್ಧತಿ ತಲೆತಲಾಂತರದ್ದು. ಆ ಶಕುನವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಕತ್ತಲಲ್ಲಿ ಕಣ್ಣಿಗೆ ಕಾಣದ ಹಕ್ಕಿಯನ್ನು ದನಿಯಿಂದ ಗುರುತಿಸಬಹುದು, ಹಾಗೆ ಗುರುತಿಸುವುದಕ್ಕೆ ಬೆಲೆಯೂ ಉಂಟು ಎಂಬ ತಿಳಿವಳಿಕೆ ನಮ್ಮ ಸಮಾಜಕ್ಕೆ ಹೊಸದಲ್ಲ ಎಂಬುದನ್ನಂತೂ ಅದು ತೋರಿಸುತ್ತದೆ. ಅದೇ ತಿಳಿವಳಿಕೆಯನ್ನು ಇಂದು ಬೇರೊಂದು ಉದ್ದೇಶಕ್ಕೆ, ಅಂದರೆ ರಾತ್ರಿಯ ಹೊತ್ತು ನಮ್ಮ ತಲೆಯ ಮೇಲೆ ಹಾದುಹೋಗುವ ವಲಸೆ ಹಕ್ಕಿಗಳ ಲೆಕ್ಕವಿಡಲು ಬಳಸಿಕೊಳ್ಳಬೇಕಾಗಿದೆ ಎಂಬುದು ಈ ಬರಹದ ಉದ್ದೇಶ.

ವಲಸೆ ಹಕ್ಕಿಗಳಲ್ಲಿ ಬಹುಪಾಲು ಇರುಳಿನಲ್ಲೇ ಪಯಣಿಸುತ್ತವೆ. ರಾತ್ರಿಯ ಗಾಳಿ ತಂಪಾಗಿಯೂ ಸಮಾಧಾನವಾಗಿಯೂ ಇರುವುದರಿಂದ ದಣಿವು ಕಡಿಮೆ. ಬೇಟೆಹಕ್ಕಿಗಳ ಭಯವೂ ಕಡಿಮೆ. ಹಗಲನ್ನು ಮೇವಿಗೆ ಮೀಸಲಿಡಬಹುದು. ದಿಕ್ಕು ತಿಳಿಯಲು ನಕ್ಷತ್ರಗಳೂ ಭೂಮಿಯ ಕಾಂತಕ್ಷೇತ್ರವೂ ನೆರವಾಗುತ್ತವೆ. ಹಾರುವಾಗ ಹಲವು ಜಾತಿಯ ಹಕ್ಕಿಗಳು ಪರಸ್ಪರ ಸಂಪರ್ಕ ತಪ್ಪದಂತೆ ಚುಟುಕಾದ ಕರೆಗಳನ್ನು ಹೊರಡಿಸುತ್ತವೆ. ಸಂಗಾತಿಯನ್ನು ಸೆಳೆಯುವ ಹಾಡು ಬೇರೆ, ಈ ಕರೆ ಬೇರೆ. ಸಣ್ಣ ಹಕ್ಕಿಗಳಲ್ಲಿ ಅದು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟೇ ಇರುವುದುಂಟು.

ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ಈ ಕೇಳ್ಮೆಗೆ ಹೇಳಿಮಾಡಿಸಿದಂತಿವೆ. ಹಾನಗಲ್ಲ ಮತ್ತು ಹಿರೇಕೆರೂರಿನ ಪಶ್ಚಿಮದ ಅಂಚು ಮಲೆನಾಡಿನ ಸೆರಗು. ಸವಣೂರಿನ ಪೂರ್ವದ ಅಂಚು ಬಯಲುಸೀಮೆಯ ಬಾಗಿಲು. ನಡುವೆ ವರದಾ ನದಿ, ಧರ್ಮಾ ಕಾಲುವೆಯಿಂದ ತುಂಬುವ ಕೆರೆಗಳು, ಹಾನಗಲ್ಲಿನ ಆನೆಕೆರೆ, ಸವಣೂರಿನ ಮೋತಿ ತಲಾಬ, ದಕ್ಷಿಣಕ್ಕೆ ಗುಡ್ಡಗಳ ಮಧ್ಯೆ ಹರಡಿರುವ ಮದಗ-ಮಾಸೂರು ಕೆರೆ. ನೀರನ್ನು ಅರಸಿ ಬರುವ ಹಕ್ಕಿಗೂ ಕಾಡನ್ನು ಅರಸಿ ಬರುವ ಹಕ್ಕಿಗೂ ಇಲ್ಲಿ ತಂಗುದಾಣವುಂಟು. ಸವಣೂರಿನಿಂದ ಲಕ್ಷ್ಮೇಶ್ವರ ದಾಟಿದರೆ ಸಿಗುವ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯದಾಚೆಯ ಟಿಬೆಟ್, ಮಂಗೋಲಿಯ ಕಡೆಗಳಿಂದ ಬರುತ್ತವೆ. 2024ರ ಜನವರಿಯಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಹೆಬ್ಬಾತುಗಳು ಹಗಲು ನೀರಿನಲ್ಲಿದ್ದು, ಮುಸ್ಸಂಜೆಗೆ ಹೊಲಗಳತ್ತ ಹಾರಿ, ನಸುಕಿಗೆ ಮರಳುತ್ತವೆ.

ನಿವೃತ್ತಿಯ ನಂತರದ ಕೆಲವು ವರ್ಷಗಳಿಂದ ಮಳೆಗಾಲ ಮುಗಿಯುತ್ತಿದ್ದಂತೆ ಈ ತಾಲ್ಲೂಕುಗಳ ಕೆರೆಯ ಏರಿಗಳ ಮೇಲೆ ಕುಳಿತು ಕೇಳುವ ಅಭ್ಯಾಸವನ್ನು ನಾನು ಇಟ್ಟುಕೊಂಡಿದ್ದೇನೆ. ಕಲಿಯಬೇಕಾದ ಮೊದಲ ಪಾಠವೆಂದರೆ ಸ್ಥಳೀಯರನ್ನು ಬೇರ್ಪಡಿಸುವುದು. ಟಿಟ್ಟಿಭದ ಗದ್ದಲ, ನತ್ತಿಂಗದ ಬಡಿತದಂಥ ದನಿ, ಹಾಲಕ್ಕಿಯ ಕಚಪಿಚ, ಸಿಳ್ಳೆಬಾತುಗಳ ತೆಳುವಾದ ಸಿಳ್ಳೆ, ಇರುಳು ಬಕ ಹಾರುತ್ತ ಒಮ್ಮೆ ಹೇಳಿ ಸುಮ್ಮನಾಗುವ ‘ಕ್ವಾಕ್’, ಇವೆಲ್ಲ ಊರಿನವರ ಮಾತು. ಇವು ಕಿವಿಗೆ ರೂಢಿಯಾದ ಮೇಲಷ್ಟೇ ಪರದೇಶಿಯ ದನಿ ಪ್ರತ್ಯೇಕವಾಗಿ ಕೇಳಿಸುತ್ತದೆ. ಹೆಬ್ಬಾತಿನದು ಮೂಗಿನಿಂದ ಹೊರಟ ‘ಆಂಗ್, ಆಂಗ್’. ಹಸಿರು ಗದ್ದೆಗೊರವದ್ದು ಏರಿ ನಿಲ್ಲುವ ತೀಕ್ಷ್ಣವಾದ ಎರಡು ಮೂರು ಸ್ವರಗಳು. ದನಿ ಒಂದೇ ಕಡೆಯಿಂದ ಬರುತ್ತಿದೆಯೋ ಅಥವಾ ಉತ್ತರದಿಂದ ದಕ್ಷಿಣಕ್ಕೆ ಸರಿಯುತ್ತಿದೆಯೋ ಎಂಬುದನ್ನೂ ಗಮನಿಸಬೇಕು. ಇನ್ನು ನವರಂಗದಂಥ ಹಕ್ಕಿಯ ಬಗೆ ಬೇರೆ. ಹಿಮಾಲಯದ ತಪ್ಪಲಿನಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮರಿಮಾಡುವ ಅದು ದಕ್ಷಿಣಕ್ಕೆ ಬರುವುದು ರಾತ್ರಿಯಲ್ಲಿ. ಆದರೆ ತನ್ನ ಎರಡು ಸ್ವರದ ಸಿಳ್ಳೆಯನ್ನು ಅದು ಹಾಕುವುದು ಹೆಚ್ಚಾಗಿ ಬೆಳಗಿನ ಮತ್ತು ಸಂಜೆಯ ಮಬ್ಬಿನಲ್ಲಿ, ನೆಲದ ಮೇಲೆ ಇಳಿದ ನಂತರ. ನಿನ್ನೆ ಇಲ್ಲದ ಸಿಳ್ಳೆ ಅಕ್ಟೋಬರಿನ ಒಂದು ಬೆಳಗ್ಗೆ ಹಿತ್ತಿಲಿನಲ್ಲಿ ಕೇಳಿಸಿದರೆ, ಹಿಂದಿನ ರಾತ್ರಿ ಅತಿಥಿ ಇಳಿದಿದ್ದಾನೆ ಎಂದೇ ಸಾಮಾನ್ಯವಾಗಿ ತಿಳಿಯಬೇಕು.

ಇದು ಹವ್ಯಾಸಿಗಳ ವಿನೋದವಷ್ಟೇ ಅಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಓರಿನ್ ಲಿಬ್ಬಿ ಎಂಬವರು 1896ರ ಸೆಪ್ಟೆಂಬರಿನ ಒಂದೇ ರಾತ್ರಿ ಬರಿಗಿವಿಯಿಂದ 3,800 ಕರೆಗಳನ್ನು ಎಣಿಸಿದ್ದರು. 1950ರ ದಶಕದಲ್ಲಿ ಗ್ರೇಬರ್ ಮತ್ತು ಕಾಕ್ರನ್ ಎಂಬ ಸಂಶೋಧಕರು ಮುಗಿಲಿಗೆ ಮುಖಮಾಡಿದ ಮೈಕ್ ಮತ್ತು ಟೇಪ್ ರೆಕಾರ್ಡರ್ ಬಳಸಿ ಇಡೀ ರಾತ್ರಿಯ ದನಿಗಳನ್ನು ದಾಖಲಿಸಿದರು. 2002ರಲ್ಲಿ ಬಿಲ್ ಇವಾನ್ಸ್ ಮತ್ತು ಮೈಕೆಲ್ ಒಬ್ರಿಯನ್ ಉತ್ತರ ಅಮೆರಿಕದ ಹಕ್ಕಿಗಳ ಹಾರಾಟದ ಕರೆಗಳ ಸಂಗ್ರಹವನ್ನೇ ಹೊರತಂದರು. 2021ರಿಂದೀಚೆಗೆ ಕಾರ್ನೆಲ್ ವಿಶ್ವವಿದ್ಯಾಲಯದ ‘ಮರ್ಲಿನ್’ ಎಂಬ ಉಚಿತ ತಂತ್ರಾಂಶ ದನಿ ಕೇಳಿ ಹಕ್ಕಿಯ ಹೆಸರನ್ನು ಸೂಚಿಸುತ್ತಿದೆ. ಆದರೆ ನಮ್ಮ ನಾಡಿನ ಹಕ್ಕಿಗಳ ಇರುಳ ಕರೆಗಳ ಸಂಗ್ರಹ ಇನ್ನೂ ಚಿಕ್ಕದು. ಯಂತ್ರ ಕಲಿಯಬೇಕಾದರೆ ಮೊದಲು ಯಾರಾದರೂ ಕೇಳಿ, ಗುರುತಿಸಿ, ಬರೆದಿಡಬೇಕು.

ವಲಸೆಯ ಅಧ್ಯಯನಕ್ಕೆ ನಮ್ಮ ಸೀಮೆ ಹಿಂದೊಮ್ಮೆ ಕಾರಣವಾಗಿದ್ದನ್ನು ಇಲ್ಲಿ ನೆನೆಯಬೇಕು. ಹಾನಗಲ್ಲ ಮತ್ತು ಹಿರೇಕೆರೂರಿಗೆ ಗಡಿಯಂಟಿದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು, ಜನರೂ ಜ್ವರಕ್ಕೆ ಬಲಿಯಾದರು. ಉಣ್ಣೆಯಿಂದ ಹರಡುವ ಆ ವೈರಾಣು ರಷ್ಯದ ಒಂದು ರೋಗದ ವೈರಾಣುವಿನ ಹತ್ತಿರದ ಬಂಧುವಾಗಿತ್ತು. ವಲಸೆ ಹಕ್ಕಿಗಳೇ ಅದನ್ನು ಹೊತ್ತು ತಂದಿರಬಹುದೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನು ಕೈಗೊಳ್ಳಲು ಈ ಶಂಕೆಯೂ ಒಂದು ಪ್ರೇರಣೆ. ಹಕ್ಕಿಗಳ ಮೇಲಿನ ಆರೋಪಕ್ಕೆ ಪುರಾವೆ ದೊರೆಯಲಿಲ್ಲ. ಆದರೆ ಉಂಗುರದ ದಾಖಲೆಗಳು ದೇಶದ ಆಸ್ತಿಯಾಗಿ ಉಳಿದವು. ಭಯದಿಂದ ಆರಂಭವಾದ ಲೆಕ್ಕವೂ ಜ್ಞಾನವಾಗಿ ಪರಿಣಮಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇಂದು ಲೆಕ್ಕದ ತುರ್ತು ಬೇರೆ ಬಗೆಯದು. ರಾಷ್ಟ್ರೀಯ ಹೆದ್ದಾರಿ 48 ಶಿಗ್ಗಾವಿ, ಬಂಕಾಪುರಗಳನ್ನು ಹಾದುಹೋಗುತ್ತದೆ. ಅದರುದ್ದಕ್ಕೂ ದೀಪಗಳು ಹೆಚ್ಚುತ್ತಿವೆ. ತಾಲ್ಲೂಕು ಕೇಂದ್ರಗಳಲ್ಲಿ ಹೈಮಾಸ್ಟ್ ದೀಪಗಳು ಬೆಳಗುತ್ತಿವೆ. ನೆರೆಯ ಗದಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಇವು ಯಾವುವೂ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಇವುಗಳ ಒಂದು ವೆಚ್ಚ ಯಾವ ಕಡತದಲ್ಲೂ ನಮೂದಾಗುವುದಿಲ್ಲ. ನ್ಯೂಯಾರ್ಕಿನಲ್ಲಿ ಸೆಪ್ಟೆಂಬರ್ 11ರ ಸ್ಮಾರಕವಾಗಿ ಆಕಾಶಕ್ಕೆ ಹಾಯಿಸುವ ಬೆಳಕಿನ ಕಂಬಗಳನ್ನು ಕುರಿತ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಸುಮಾರು 11 ಲಕ್ಷ ಹಕ್ಕಿಗಳ ಪಯಣದ ಮೇಲೆ ಆ ಬೆಳಕು ಪರಿಣಾಮ ಬೀರಿತ್ತೆಂದು ಅದು ಅಂದಾಜಿಸಿತು. ಬೆಳಕಿನಲ್ಲಿ ಸುತ್ತುತ್ತಿದ್ದ ಹಕ್ಕಿಗಳ ಕೂಗು ಹೆಚ್ಚುತ್ತಿತ್ತು. ದೀಪ ಆರಿಸಿದೊಡನೆ ಅವು ಚದುರಿ ತಮ್ಮ ದಾರಿ ಹಿಡಿಯುತ್ತಿದ್ದವು. ರೋಗಕ್ಕೆ ಮದ್ದು ಇಷ್ಟು ಸುಲಭವಾಗಿ, ಇಷ್ಟು ಅಗ್ಗವಾಗಿ ದೊರೆಯುವ ಪ್ರಸಂಗಗಳು ಆಡಳಿತದಲ್ಲಿ ವಿರಳ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ, ಬಳಿಕ ಆಡಳಿತದಲ್ಲಿ ದುಡಿದವನಾಗಿ ನಾನು ಕಂಡುಕೊಂಡ ಸತ್ಯವೊಂದಿದೆ: ಎಣಿಕೆಗೆ ಸಿಗದ್ದಕ್ಕೆ ಕಡತದಲ್ಲಿ ಬೆಲೆಯಿಲ್ಲ. ಬಂಕಾಪುರದ ಕೋಟೆಯ ನವಿಲುಗಳು ಎಲ್ಲರ ಕಣ್ಣಿಗೆ ಬೀಳುತ್ತವೆ. 2006ರಲ್ಲಿ ಅವುಗಳಿಗೆ ಸಂರಕ್ಷಣಾ ಮೀಸಲು ದೊರೆಯಿತು. ಇರುಳಲ್ಲಿ ಹಾದುಹೋಗುವವರು ಯಾರ ಕಣ್ಣಿಗೂ ಬೀಳುವುದಿಲ್ಲ. ತಾಲ್ಲೂಕು ಕಚೇರಿಗಳ ಮಳೆಮಾಪಕವನ್ನು ದಿನವೂ ಬೆಳಗ್ಗೆ ಓದಿ ಬರೆದಿಡುತ್ತ ಬಂದಿದ್ದರಿಂದ ಇಂದು ಬರವೆಂದರೇನು, ಅತಿವೃಷ್ಟಿಯೆಂದರೇನು ಎಂದು ನಿರ್ಣಯಿಸಲು ಸಾಧ್ಯವಾಗಿದೆ. ಒಂದು ದಿನದ ಅಂಕಿಗೆ ಬೆಲೆಯಿಲ್ಲ, ದಶಕಗಳ ಅಂಕಿಗೆ ಬೆಲೆ ಕಟ್ಟಲಾಗದು. ಈ ನಾಲ್ಕು ತಾಲ್ಲೂಕುಗಳಲ್ಲಿ ತಲಾ ಒಂದು ಕೆರೆಯನ್ನು ಆರಿಸಿ, ಒಂದು ಸಾಧಾರಣ ಧ್ವನಿಮುದ್ರಕವನ್ನು ಇರಿಸಿ, ಸೆಪ್ಟೆಂಬರಿನಿಂದ ನವೆಂಬರಿನವರೆಗೂ ಮಾರ್ಚಿಯಿಂದ ಮೇ ತಿಂಗಳವರೆಗೂ ರಾತ್ರಿಯ ದನಿಯನ್ನು ದಾಖಲಿಸುವುದು ದೊಡ್ಡ ಖರ್ಚಿನ ಬಾಬತ್ತಲ್ಲ. ಸ್ಥಳೀಯ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ವಹಿಸಿಕೊಳ್ಳಬಹುದು. ಸಣ್ಣ ಹಕ್ಕಿಗಳ ಅತಿ ಉಚ್ಚ ಸ್ವರ ಅರವತ್ತು ದಾಟಿದ ನನ್ನಂಥವರ ಕಿವಿಗೆ ನಿಲುಕುವುದಿಲ್ಲ. ಹದಿಹರೆಯದವರಿಗೆ ಅದು ಸ್ಪಷ್ಟ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯವು ಈ ದನಿಗಳಿಗೆ ನಮ್ಮ ರೈತರು, ಮೀನುಗಾರರು, ಬುಡುಬುಡಿಕೆಯವರು ಇಟ್ಟ ಹೆಸರುಗಳನ್ನು ಸಂಗ್ರಹಿಸಿದರೆ ಅದು ಇನ್ನೊಂದು ದೊಡ್ಡ ಉಪಕಾರವಾದೀತು.

ಎಚ್ಚರಿಕೆಯ ಮಾತೊಂದನ್ನು ಸೇರಿಸಬೇಕು. ಕರೆಗಳ ಎಣಿಕೆ ಹಕ್ಕಿಗಳ ಎಣಿಕೆಯಲ್ಲ. ಒಂದೇ ಹಕ್ಕಿ ಹತ್ತು ಸಲ ಕೂಗೀತು, ಹತ್ತು ಹಕ್ಕಿಗಳು ಸುಮ್ಮನೆ ಹೋದಾವು. ಇದು ಹಿಂದಿನ ಆಣೆವಾರಿಯಂತೆ ಒಂದು ಸೂಚಿಯೇ ಹೊರತು ಕಣದಲ್ಲಿ ತೂಗಿದ ಕಾಳಲ್ಲ. ಆದರೂ ವರ್ಷದಿಂದ ವರ್ಷಕ್ಕೆ ಒಂದೇ ಜಾಗದಲ್ಲಿ, ಒಂದೇ ಕ್ರಮದಲ್ಲಿ ಇಟ್ಟ ಸೂಚಿಯು ಏರಿತೋ ಇಳಿಯಿತೋ ಎಂಬುದನ್ನು ಹೇಳುತ್ತದೆ. ನಿರ್ಧಾರ ಕೈಗೊಳ್ಳುವವರಿಗೆ ಮೊದಲು ಬೇಕಾದದ್ದು ಅಷ್ಟೇ.

ದೀಪ ಆರಿಸಿದರೆ ಕಳ್ಳಕಾಕರ ಭಯ, ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆ ಏಳುವುದು ಸಹಜ. ಬೀದಿದೀಪವನ್ನು ಆರಿಸಬೇಕೆಂದು ಯಾರೂ ಕೇಳುತ್ತಿಲ್ಲ. ಬೆಳಕು ನೆಲಕ್ಕೆ ಬೀಳಲಿ, ಮುಗಿಲಿಗೆ ಏರದಿರಲಿ ಎಂಬುದಷ್ಟೇ ಬೇಡಿಕೆ. ಕೆರೆಯಂಗಳದ ಅಲಂಕಾರ ದೀಪಗಳು ವಲಸೆಯ ತಿಂಗಳುಗಳಲ್ಲಿ ರಾತ್ರಿ ಹನ್ನೊಂದರ ನಂತರ ಉರಿಯಲೇಬೇಕೆಂಬ ಅಗತ್ಯವಿಲ್ಲ. ಅದರಿಂದ ಸ್ಥಳೀಯ ಸಂಸ್ಥೆಗಳ ವಿದ್ಯುತ್ ಬಿಲ್ಲೂ ಇಳಿಯುತ್ತದೆ. ಹೆಬ್ಬಾತುಗಳು ಹೊಲದಲ್ಲಿ ಮೇಯುವುದರಿಂದ ಆಗುವ ನಷ್ಟವೂ ನಿಜ. ಆ ನಷ್ಟವನ್ನು ಅಳೆದು ಪರಿಹಾರ ನೀಡಲಿಕ್ಕೂ ಅವು ಯಾವ ರಾತ್ರಿ ಎಲ್ಲಿ ಹಾರಿದವೆಂಬ ದಾಖಲೆಯೇ ಆಧಾರವಾಗಬೇಕು.

ನಮ್ಮ ರೈತರಲ್ಲಿ ಅನೇಕರು ತ್ರೀಫೇಸ್ ವಿದ್ಯುತ್ ಬರುವ ಹೊತ್ತಿಗೆ ನಡುರಾತ್ರಿಯಲ್ಲಿ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುತ್ತಾರೆ. ತಲೆಯ ಮೇಲೆ ಹಾದುಹೋಗುವ ದನಿಗಳನ್ನು ಈಗಾಗಲೇ ಕೇಳುತ್ತಿರುವವರು ಅವರೇ. ಜಿಲ್ಲಾಡಳಿತ ಅವರ ಕೈಗೆ ಒಂದು ನೋಂದಣಿ ಪುಸ್ತಕ ಕೊಟ್ಟು ಈ ಕೆಲಸವನ್ನು ಆರಂಭಿಸಬಹುದು. ಬರುವ ಸೆಪ್ಟೆಂಬರಿಗಿಂತ ಮೊದಲೇ ಅದು ಆಗಲಿ.